ಉರಿಯುವ ಇಬ್ಬನಿ

ನಮ್ಮ ಸೀಮೆಯಲ್ಲಿ ಹಿಮ ಬೀಳುವುದಿಲ್ಲ. ಮಳೆಗಾಲ ಮುಗಿದು ಚಳಿ ಶುರುವಾಗುವಾಗ ಬೀಳುವುದು ಇಬ್ಬನಿ. ಅದು ಯಾವತ್ತು ಬಿತ್ತು ಎಂದು ಯಾರೂ ಲೆಕ್ಕ ಇಡುವುದಿಲ್ಲ. ಬೆಳಗ್ಗೆ ಬೈಕಿನ ಸೀಟು ಒದ್ದೆಯಾಗಿದ್ದರೆ ಒರೆಸಿಕೊಂಡು ಹೋಗುತ್ತೇವೆ, ಅಷ್ಟೆ. ಆದರೆ ಮೊದಲ ಇಬ್ಬನಿಯನ್ನು ಮಗಳು ತವರಿಗೆ ಬರುವ ದಿನದ ಹಾಗೆ ಕಾಯುತ್ತಿದ್ದ ಒಬ್ಬರ ಮನೆಯಲ್ಲಿ ನಾನು ಆರು ವರ್ಷ ಬಾಡಿಗೆಗಿದ್ದೆ. ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಮಣ್ಣಿಗೆ ಹೋಗಿ ಬಂದೆ. ಅಲ್ಲಿ ಅಳು ಬರಲಿಲ್ಲ. ಈಗ ಕಾರ್ತಿಕದ ಗೌರಿ ಹುಣ್ಣಿಮೆ ಕಳೆದ ಮೇಲೆ, ಬೆಳಗಿನ ಹೊತ್ತು ಅಂಗಳಕ್ಕೆ ಕಾಲಿಟ್ಟರೆ ಬರುತ್ತದೆ.

ಊರಿನವರಿಗೆ ಅವರು ಕಡ್ಲಿಹೊಲದವ್ವ. ನನಗೆ ಬರೀ ಅವ್ವ. ನಾನು ಸೊರಬ ತಾಲೂಕಿನ ಉಳವಿ ಕಡೆಯವಳು, ಸರ್ಕಾರಿ ನರ್ಸು. ಮೊದಲ ಪೋಸ್ಟಿಂಗ್ ಸಿಕ್ಕಿದ್ದು ಶಿಕಾರಿಪುರ ತಾಲೂಕಿನ ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರಕ್ಕೆ. ಎರಡೂ ತಾಲೂಕು ಅಕ್ಕಪಕ್ಕದವೇ, ಆದರೂ ಮೊದಲ ತಿಂಗಳು ನನಗೆ ಬೇರೆ ರಾಜ್ಯಕ್ಕೆ ಬಂದ ಹಾಗಿತ್ತು. ಅವರು ರೊಟ್ಟಿ ತಟ್ಟುವ ಸದ್ದಿಗೆ ಎಚ್ಚರವಾಗುತ್ತಿದ್ದವಳು ನಾನು. ನಮ್ಮ ಮನೆಯಲ್ಲಿ ಬೆಳಗ್ಗೆ ಅಂಥ ಸದ್ದೇ ಇರಲಿಲ್ಲ. ಅವ್ವನಿಗೂ ನಾನು ವಿಚಿತ್ರವಾಗಿ ಕಂಡಿರಬೇಕು. "ನಿಮ್ಮ ಸೊರಬದಾಗ ನೀರು ಬಿಟ್ರ ಇನ್ನೇನೈತಿ ತಂಗಿ?" ಎಂದು ಮೊದಲ ವಾರವೇ ಕೇಳಿದರು. "ಚಂದ್ರಗುತ್ತಿ ಗುಡ್ಡ ಐತೆ ಅವ್ವ" ಎಂದೆ. "ಹೌದಾ, ಅದರ ಮ್ಯಾಲೂ ನೀರೇ ಬೀಳ್ತೈತಲ್ಲ" ಎಂದರು. ಅಲ್ಲಿಗೆ ಮಾತು ಮುಗಿಯಿತು.

ಅವರು ಹಿರೇಕೆರೂರಿನ ಕಡೆಯಿಂದ ಮದುವೆಯಾಗಿ ಬಂದವರು. ಐವತ್ತು ವರ್ಷ ಈ ಕಡೆ ಇದ್ದರೂ ಮಾತು ಬದಲಾಗಿರಲಿಲ್ಲ. ಎತ್ತರದ ಹೆಂಗಸು. ನಡೆಯುವಾಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈಗಳನ್ನು ಹಿಂದೆ ಕಟ್ಟಿಕೊಂಡು, ತನಿಖೆಗೆ ಬಂದ ಸಾಹೇಬರ ಹಾಗೆ ಬದುವಿನ ಮೇಲೆ ಹೋಗುತ್ತಿದ್ದರು. ಕಾಲಿಗೆ ಚಪ್ಪಲಿ ಇಲ್ಲ. ಹಿಮ್ಮಡಿಯ ಒಡಕುಗಳಲ್ಲಿ ಹೊಲದ ಮಣ್ಣು ಸದಾ ಇರುತ್ತಿತ್ತು. ನಾನು ನರ್ಸು ತಾನೇ, ಮುಲಾಮು ಕೊಟ್ಟೆ. ಅದನ್ನು ಅವರು ಎಮ್ಮೆಯ ಕೊರಳ ಹುಣ್ಣಿಗೆ ಹಚ್ಚಿ, ಚಲೋ ಗುಣ ಕೊಟ್ಟಿತೆಂದು ನನ್ನನ್ನು ಹೊಗಳಿದರು.

ಬಿಪಿ ಮಾತ್ರೆಯದೂ ಇದೇ ಕಥೆ. ನನ್ನ ಮುಖ ಕಂಡ ದಿನ ನುಂಗುತ್ತಿದ್ದರು, ನಾನು ಮೀಟಿಂಗಿಗೆ ಹೋದ ದಿನ ಇಲ್ಲ. ಹಾಗೆಂದು ನನ್ನ ಕೆಲಸಕ್ಕೆ ಅಡ್ಡಿ ಮಾಡಿದವರಲ್ಲ. ಮಕ್ಕಳಿಗೆ ಸೂಜಿ ಹಾಕಿಸುವ ದಿನ ಬಾಗಿಲು ಹಾಕಿಕೊಂಡು ಕೂರುವ ತಾಯಂದಿರನ್ನು ಮನೆಮನೆಗೆ ಹೋಗಿ ಎಬ್ಬಿಸಿಕೊಂಡು ಬರುತ್ತಿದ್ದವರು ಅವರೇ. "ಸೂಜಿ ನೋವು ಒಂದು ಹೊತ್ತಿಂದು. ಎದ್ದು ಬಾ" ಎನ್ನುತ್ತಿದ್ದರು. ಅವರ ದನಿಗೆ ಇಲ್ಲವೆನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಇನ್ನು ಆ ಹೊಲ. ಮನೆಗೆ ಇದ್ದದ್ದು ಎರಡೇ ಎಕರೆ. ಅಂಬ್ಲಿಗೊಳ ಅಣೆಕಟ್ಟಿನ ಚಾನೆಲ್ ನೀರು ಒಂದು ಮಗ್ಗುಲಿಗೆ ಬರುತ್ತಿತ್ತು. ಮಗ ಬಸಣ್ಣ ದುಡಿಮೆಗಾರ. ಭತ್ತ ಬಿಟ್ಟು ಮೆಕ್ಕೆಜೋಳ ಹಾಕಿದ, ಅದನ್ನೂ ಬಿಟ್ಟು ಅಡಿಕೆ ಸಸಿ ಇಟ್ಟ. ನೀರು ಹತ್ತದ ಎತ್ತರದ ತುದಿಯಲ್ಲಿ ಹತ್ತು ಗುಂಟೆ ಮಾತ್ರ ಅವ್ವ ಬಿಟ್ಟುಕೊಟ್ಟಿರಲಿಲ್ಲ. ಅಲ್ಲಿ ಪ್ರತಿವರ್ಷ ಕಡಲೆ ಬಿತ್ತುತ್ತಿದ್ದರು. ಸುತ್ತ ಎಲ್ಲಿಯೂ ಯಾರೂ ಕಡಲೆ ಹಾಕುವವರಿರಲಿಲ್ಲ. ಬಂದ ಕಾಳು ಮನೆಯ ಉಸುಳಿಗೇ ಸಾಲುತ್ತಿರಲಿಲ್ಲ. ಅವ್ವ ಬಿತ್ತುತ್ತಿದ್ದದ್ದು ಕಾಳಿಗಲ್ಲ, ಇಬ್ಬನಿಗೆ.

ನನಗೆ ಇದು ಅರ್ಥವಾಗಲು ಒಂದು ಚಳಿಗಾಲ ಬೇಕಾಯಿತು. ಕಡಲೆ ಗಿಡದ ಎಲೆಯಲ್ಲಿ ಹುಳಿ ಇರುತ್ತದೆ. ಚಳಿ ಬಲಿತು ಇಬ್ಬನಿ ಬಿದ್ದಾಗ ಆ ಹುಳಿ ಹನಿಯಲ್ಲಿ ಕರಗುತ್ತದೆ. ಬೆಳಕು ಹರಿಯುವ ಹೊತ್ತಿಗೆ ಮಗ್ಗದ ದಪ್ಪ ಬಟ್ಟೆಯನ್ನು ಇಬ್ಬರು ಎರಡು ತುದಿ ಹಿಡಿದು ಗಿಡಗಳ ಮೇಲೆ ಸವರುತ್ತ ಹೋದರೆ ಅದು ಹುಳಿ ಕುಡಿಯುತ್ತದೆ. ನೆರಳಲ್ಲಿ ಒಣಗಿಸಿ ಮರುದಿನ ಮತ್ತೆ ಸವರಬೇಕು. ಹೀಗೆ ಚಳಿ ಮುಗಿಯುವ ತನಕ. ಆಮೇಲೆ ವರ್ಷವಿಡೀ, ಹೊಟ್ಟೆ ನೋವೆಂದು ಯಾರಾದರೂ ಬಂದರೆ ಆ ಬಟ್ಟೆಯ ಒಂದು ಮೂಲೆಯನ್ನು ನೀರಿನಲ್ಲಿ ಅದ್ದಿ ಹಿಂಡಿ ಕೊಡುವುದು. ಹುಳಿ ಅರಿವೆ ಎನ್ನುತ್ತಿದ್ದರು ಅದಕ್ಕೆ. ನನ್ನ ಬಾಗಿಲಿಗೆ ಬರಬೇಕಾದವರು ಅರ್ಧ ಜನ ಮೊದಲು ಅವ್ವನ ಕಟ್ಟೆಗೆ ಬರುತ್ತಿದ್ದರು. ನನಗೆ ಸಿಟ್ಟು. ಅವ್ವ ಅದನ್ನೂ ಬಲ್ಲರು. ಹಿಂಡಿ ಕೊಟ್ಟ ಮೇಲೆ, "ಇದಕ್ಕೂ ಹೋಗಲಿಲ್ಲ ಅಂದ್ರ ನಮ್ಮ ತಂಗಿ ಅದಾಳ, ಅಲ್ಲಿಗೆ ಹೋಗು" ಎಂದು ನನ್ನ ಕಡೆ ಕೈ ತೋರಿಸುತ್ತಿದ್ದರು.

ಎಲ್ಲಕ್ಕಿಂತ ಮುಖ್ಯವಾದದ್ದು ಮೊದಲ ಇಬ್ಬನಿ. ಮಳೆಗಾಲದ ಬಾಲದಲ್ಲಿಯೂ ಬೆಳಗ್ಗೆ ಹುಲ್ಲು ಒದ್ದೆಯಾಗಿರುತ್ತದೆ. ಅದು ಬರೀ ನೀರು. ಅದಕ್ಕೆ ಬಟ್ಟೆ ಹಾಕಿದರೆ ಬೂಷ್ಟು ಹಿಡಿಯುತ್ತದೆ, ಆ ವರ್ಷವೆಲ್ಲ ಹುಳಿ ಕೂರುವುದಿಲ್ಲ ಎಂದು ಅವರ ನಂಬಿಕೆ. ನಿಜವಾದ ಇಬ್ಬನಿ ಯಾವುದೆಂದು ಅವರು ಅಂಗಾಲಿನಿಂದ ತಿಳಿಯುತ್ತಿದ್ದರು. ಬದುವಿನ ಪಕ್ಕದ ಸಾಲಿನ ಗಿಡಗಳ ಮೇಲೆ ಬಲಗಾಲಿನ ಹಿಮ್ಮಡಿ ಸವರಿ ಒಂದು ಕ್ಷಣ ನಿಲ್ಲುವರು. ಒಡಕಿನಲ್ಲಿ ಹುಳಿ ಹೊಕ್ಕು ಚುರ್ ಎಂದರೆ ಇಬ್ಬನಿ, ಇಲ್ಲದಿದ್ದರೆ ನೀರು. ಒಮ್ಮೆ ನಾನು ಫೋನಿನಲ್ಲಿ ನೋಡಿ, "ನಾಳೆ ಹದಿನಾರು ಡಿಗ್ರಿ ಅಂತ ಅವ್ವ, ನಾಳೆನೇ ಬೀಳ್ಬಹುದು" ಎಂದೆ. "ನಿನ್ನ ಫೋನಿಗೆ ಕಾಲಿಲ್ಲ. ಅದು ಹೆಂಗ ಹೇಳ್ತೈತಿ?" ಎಂದರು. ಮರುದಿನ ಬರೀ ನೀರು ಬಿದ್ದಿತ್ತು.

ಆ ಹತ್ತು ಗುಂಟೆಯ ಮೇಲೆ ಬಸಣ್ಣನ ಕಣ್ಣಿತ್ತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಪೈಪು ಎಳೆದರೆ ಅಲ್ಲಿಗೂ ನೀರು ಹತ್ತುತ್ತಿತ್ತು. ಆದರೆ ತಾಯಿಗೆ ಒಂದು ಮಾತು ಕೊಟ್ಟಿದ್ದ. "ಆ ಅರಿವೆ ಹುಳಿ ಇರೋವರೆಗೂ ಆ ತುಂಡಿಗೆ ಕೈ ಹಚ್ಚಲ್ಲ ಬಿಡವ್ವ." ಕೊಟ್ಟ ಮಾತಿಗೆ ತಪ್ಪುವವನಲ್ಲ ಎಂದು ಅವ್ವನಿಗೆ ಗೊತ್ತಿತ್ತು. ಹಾಗಾಗಿ ನಿಶ್ಚಿಂತೆಯಿಂದ ಇದ್ದರು, ನಾನು ಆ ಅರಿವೆಯನ್ನು ಒಗೆಯುವ ತನಕ.

ಹೌದು, ಒಗೆದದ್ದು ನಾನೇ. ಈಗ ನಗುತ್ತ ಹೇಳುತ್ತೇನೆ, ಆಗ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತ್ತು. ಆ ಕಡೆ ಮಾರ್ನಮಿ ಹಬ್ಬಕ್ಕೆ ಮೊದಲು ಮನೆಯ ಹಾಸಿಗೆ ಹೊದಿಕೆ ಎಲ್ಲವನ್ನೂ ಹೊರಗೆ ಒಯ್ದು ಒಗೆಯುವ ಪದ್ಧತಿ. ಊರಿನ ಹೆಂಗಸರೆಲ್ಲ ಚಾನೆಲ್ಲಿನ ದಡದಲ್ಲಿ ಸೇರುತ್ತಾರೆ. ಬಸಣ್ಣನ ಹೆಂಡತಿ ಕೌದಿಗಳನ್ನು ಹೊರಿಸಿಕೊಂಡು ಅಲ್ಲಿಗೆ ಹೋಗಿದ್ದಳು. ಅವ್ವ ಬೀಜದ ಕಡಲೆ ತರಲು ತವರಿಗೆ ಹೋಗಿದ್ದರು. ನನಗೆ ರಜೆ. ಅನ್ನ ಹಾಕಿದ ಮನೆಗೆ ನನ್ನದೂ ಒಂದು ಕೈ ಇರಲಿ ಎಂದು ಒಳಗಿನ ಬಟ್ಟೆಗಳಿಗೆ ಕೈ ಹಾಕಿದೆ. ಅಡಿಗೆಮನೆಯ ಗಳದ ಮೇಲೆ ಹಳದಿಗಟ್ಟಿದ, ರಟ್ಟಿನ ಹಾಗೆ ಬಿರುಸಾದ ಒಂದು ಬಟ್ಟೆ ಕಂಡಿತು. ನಾನು ಹುಳಿ ಅರಿವೆಯನ್ನು ಹೊಲದಲ್ಲಿ ಒದ್ದೆಯಾಗಿದ್ದಾಗ ಕಂಡಿದ್ದೆ, ಕಟ್ಟೆಯ ಮೇಲೆ ಅವ್ವನ ಮುಷ್ಟಿಯಲ್ಲಿ ಮೂಲೆಯಷ್ಟನ್ನು ಕಂಡಿದ್ದೆ. ಮಡಚಿಟ್ಟ ಅರಿವೆ ಹೀಗಿರುತ್ತದೆಂದು ತಿಳಿಯಲಿಲ್ಲ. ಒಲೆಯಿಂದ ಪಾತ್ರೆ ಇಳಿಸುವ ಮಸಿಬಟ್ಟೆ ಇರಬೇಕೆಂದುಕೊಂಡೆ. ಬಿಸಿನೀರಿಗೆ ಸೋಪಿನ ಪುಡಿ, ಸ್ವಲ್ಪ ಸೋಡ ಹಾಕಿ ಮುಳುಗಿಸಿದೆ. ಸುಂಯ್ ಎಂದು ಗುಳ್ಳೆ ಎದ್ದವು. ಎಷ್ಟು ಕೊಳೆ ಬಿಡುತ್ತಿದೆ ನೋಡು ಎಂದು ಹಿಗ್ಗಿದೆ. ಕಲ್ಲಿಗೆ ಬಡಿದು, ನೀಲಿ ಹಾಕಿ, ತಂತಿಗೆ ಹರವಿದೆ. ಮಲ್ಲಿಗೆಯ ಹಾಗೆ ಬೆಳ್ಳಗಾಗಿತ್ತು.

ಸಂಜೆ ಅವ್ವ ಬಂದರು. ಬೀಜದ ಗಂಟನ್ನು ಕಟ್ಟೆಯ ಮೇಲಿಟ್ಟು ತಂತಿಯ ಹತ್ತಿರ ಹೋದರು. ಅರಿವೆಯ ಅಂಚನ್ನು ಬೆರಳಲ್ಲಿ ಹೊಸೆದರು. ಒಂದು ಮೂಲೆಯನ್ನು ನಾಲಿಗೆಗೆ ಮುಟ್ಟಿಸಿದರು. ಇನ್ನೊಂದು ಮೂಲೆಯನ್ನೂ ಮುಟ್ಟಿಸಿದರು. ನಾಲ್ಕು ಮೂಲೆಯೂ ಆದ ಮೇಲೆ, "ಸೋಪಿನ ವಾಸನಿ ಚಲೋ ಐತಿ" ಎಂದು ಒಳಗೆ ಹೋದರು. ಅವತ್ತು ಊಟಕ್ಕೆ ಏಳಲಿಲ್ಲ.

ಆ ಅರಿವೆ ಅವರ ತಾಯಿ ಕೊಟ್ಟದ್ದು ಎಂದು ನನಗೆ ಹೇಳಿದವಳು ಬಸಣ್ಣನ ಹೆಂಡತಿ. ಮದುವೆಯಾಗಿ ಬರುವಾಗ ಸೀರೆಗಳ ನಡುವೆ ಇಟ್ಟು ಕಳಿಸಿದ್ದರಂತೆ. ತವರಿನ ಹೊಲದ ಹುಳಿ ಅದರಲ್ಲಿತ್ತು. ಅದರ ಮೇಲೆ ಪ್ರತಿ ಚಳಿಗಾಲ ಅವ್ವ ತಮ್ಮ ಹೊಲದ ಹುಳಿ ಕೂಡಿಸುತ್ತ ಬಂದಿದ್ದರು. ನಾನು ಒಂದು ಮಧ್ಯಾಹ್ನದಲ್ಲಿ ಎಲ್ಲವನ್ನೂ ಬಚ್ಚಲಿಗೆ ಬಿಟ್ಟಿದ್ದೆ. ಬೆಳಗ್ಗೆ ಎದ್ದು ಅವ್ವನ ಕಾಲು ಹಿಡಿದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, "ನಮ್ಮವ್ವ ಸತ್ತಾಗ ನಾ ಹೋಗಾಕ ಆಗಿದ್ದಿಲ್ಲ ತಂಗಿ. ಹೊಳಿ ತುಂಬಿ ಬಂದಿತ್ತು. ನಿನ್ನೆ ಆಕಿ ಮಣ್ಣಿಗೆ ಹೋಗಿ ಬಂದಂಗಾತು" ಎಂದರು. ನನ್ನನ್ನು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಬಸಣ್ಣನೂ ನನಗೆ ಏನೂ ಅನ್ನಲಿಲ್ಲ. ತಾಯಿಗೆ ಮಾತ್ರ ಹೇಳಿದ, "ಹೋತಲ್ಲವ್ವ. ಇನ್ನು ಆ ತುಂಡನ್ನೂ ಅಡಿಕೆಗೆ ಸೇರ್ಸಾಣ. ಒಂದೊಂದು ಕಡೆ ಒಂದೊಂದು ಬೆಳೆ ನಂಗೆ ನೋಡ್ಕಳಾಕೆ ಆಗಲ್ಲ."

"ಬೀಜ ತಂದೀನಿ. ಇದೊಂದು ಚಳಿಗಾಲ ಬಿಡು. ಅರಿವೆ ಮತ್ತ ಹುಳಿ ಹಿಡಿಲಿಲ್ಲ ಅಂದ್ರ ನಿನ್ನ ಗುಂಡಿ ನೀ ತಗಿ."

ಅವನು ತಲೆಯಾಡಿಸಿದ. ಕಡಲೆ ಬಿತ್ತಿದರು. ಮೊಳಕೆಯೂ ಬಂತು. ಈಗ ಎಲ್ಲವೂ ಆ ಮೊದಲ ಇಬ್ಬನಿಯ ಮೇಲೆ ನಿಂತಿತ್ತು.

ಆಗಲೇ ನನಗೆ ಇನ್ನೊಂದು ವಿಷಯ ತಿಳಿದದ್ದು. ಒಂದು ದಿನ ಅವ್ವ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು ಅವರೆ ಬಿಡಿಸುತ್ತಿದ್ದರು. ಅವರ ಬಲಗಾಲಿನ ಹಿಮ್ಮಡಿಯಲ್ಲಿ ಜಾಲಿಮುಳ್ಳು ಮುರಿದು ನಿಂತಿತ್ತು, ಸುತ್ತ ಕೆಂಪಾಗಿತ್ತು. ಕಿತ್ತೆ. ಅವರು ಯಾರದೋ ಮದುವೆಯ ಮಾತು ಆಡುತ್ತಲೇ ಇದ್ದರು. ಸೂಜಿಯ ತುದಿಯಿಂದ ಅಂಗಾಲನ್ನು ಅಲ್ಲಲ್ಲಿ ಚುಚ್ಚಿ ನೋಡಿದೆ. ಮಾತು ನಿಲ್ಲಿಸಿ ನನ್ನ ಮುಖ ನೋಡಿದರು, ಚುಚ್ಚಿದ್ದಕ್ಕಲ್ಲ, ನಾನು ಸುಮ್ಮನಾದದ್ದಕ್ಕೆ.

"ಯಾವಾಗಿಂದ ಅವ್ವ?"

"ಹೋದ ವರ್ಷ ಗೌರಿ ಹುಣ್ಣಿವಿ ಆದ ಮ್ಯಾಲೆ ಹೊಲದಾಗ ಕಾಲಿಟ್ಟೆ. ಕೆಳಗ ನೆಲನ ಇಲ್ದಂಗಾತು."

"ಹಂಗಾರೆ ಹೋದ ವರ್ಷ ಇಬ್ಬನಿ ಬಿತ್ತು ಅಂತ ಹೆಂಗೆ ಹೇಳಿದ್ರಿ?"

"ಸುಳ್ಳು ಹೇಳಿದೆ" ಎಂದರು. ಆಮೇಲೆ ದನಿ ತಗ್ಗಿಸಿ, "ಬಸಣ್ಣಗ ಹೇಳಬ್ಯಾಡ" ಎಂದರು.

ಶಿಕಾರಿಪುರಕ್ಕೆ ಕರೆದುಕೊಂಡು ಹೋಗಿ ತೋರಿಸಿದೆ. ನಾನು ಎಣಿಸಿದ್ದೇ ಆಯಿತು, ಸಕ್ಕರೆ ಕಾಯಿಲೆ ಕಾಲಿನ ಸ್ಪರ್ಶ ತಿಂದಿತ್ತು. ಗಾಯವಾದರೆ ಗೊತ್ತಾಗುವುದಿಲ್ಲ, ಇನ್ನು ಬರಿಗಾಲಲ್ಲಿ ಹೊಲಕ್ಕೆ ಇಳಿಯುವಂತಿಲ್ಲ ಎಂದು ನಾನೇ ಕಟ್ಟುನಿಟ್ಟು ಮಾಡಿದೆ. ಮೆತ್ತನೆಯ ಚಪ್ಪಲಿ, ಕಾಲುಚೀಲ ತಂದುಕೊಟ್ಟೆ. ಅವ್ವ ಹಾಕಿಕೊಂಡರು. ಹಾಕಿಕೊಂಡು ನನ್ನನ್ನೇ ನೋಡುತ್ತ, "ನನ್ನ ಕಾಲು ನೀ ಕಟ್ಟಿಹಾಕಿದಿ. ನಿನ್ನ ಕಾಲು ಕೊಡು ಹಂಗಾರ" ಎಂದರು.

ಕೊಡುವುದೇನು ಸುಲಭವಾಗಿರಲಿಲ್ಲ. ನನ್ನ ಹಿಮ್ಮಡಿ ಬೆಣ್ಣೆಯ ಹಾಗಿತ್ತು. ಒಡಕಿಲ್ಲದ ಕಾಲಿಗೆ ಹುಳಿ ತಿಳಿಯುವುದಿಲ್ಲ. "ನಿನ್ನ ಕಾಲು ಬೂಟಿನಾಗ ಬೆಳೆದಾವು" ಎಂದು ಅವ್ವ ಹೀಯಾಳಿಸಿದರು. ಅವತ್ತಿನಿಂದ ನಾನು ಮನೆಯಲ್ಲಿ, ಹೊಲದಲ್ಲಿ, ನೀರಿಗೆ ಹೋಗುವಾಗ ಬರಿಗಾಲು. ಉಪಕೇಂದ್ರದಲ್ಲಿ ಕೂತು ಬಂದವರಿಗೆಲ್ಲ ಹಿಮ್ಮಡಿಗೆ ಎಣ್ಣೆ ಹಚ್ಚಿ, ಚಪ್ಪಲಿ ಹಾಕಿ ಎಂದು ಬುದ್ಧಿ ಹೇಳುವುದು, ಮನೆಗೆ ಬಂದು ನನ್ನ ಕಾಲು ಒಡೆಯಿತೇ ಎಂದು ಕನ್ನಡಿ ಹಿಡಿದು ನೋಡುವುದು. ತಿಂಗಳು ಕಳೆಯುವಷ್ಟರಲ್ಲಿ ಎರಡು ಒಡಕು ಬಿಟ್ಟವು. ಅವ್ವ ಅವನ್ನು ನೋಡಿ, ಮೊಮ್ಮಗುವಿನ ಹಲ್ಲು ಕಂಡವರ ಹಾಗೆ ಸಂತೋಷಪಟ್ಟರು.

ಹೂ ಬಿಡುವ ಹೊತ್ತಾಯಿತು. ದಿನಾ ಬೆಳಗ್ಗೆ ಹೋಗಿ ಹಿಮ್ಮಡಿ ಸವರಿ ಬರುತ್ತಿದ್ದೆ.

"ತಣ್ಣಗೈತೆ ಅವ್ವ."

"ತಣ್ಣಗಿದ್ರ ನೀರು. ನಾ ಕೇಳಿದ್ದು ಉರೀತೇನು ಅಂತ."

ಎಂಟು ದಿನ ಹೀಗೇ ಆಯಿತು. ಬಸಣ್ಣ ಅಡಿಕೆ ಗುಂಡಿಗಳ ಗುರುತಿಗೆ ಗೂಟಗಳನ್ನು ಕೆತ್ತಿ ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟಿದ್ದ. ಒಂಬತ್ತನೆಯ ದಿನ ನನಗೆ ತಡೆಯಲಾಗಲಿಲ್ಲ. ಹೊಲದಿಂದ ಬಂದು, "ಉರೀತು ಅವ್ವ" ಎಂದುಬಿಟ್ಟೆ. ಅವ್ವ ಒಲೆಯ ಮುಂದಿನಿಂದ ಏಳಲೂ ಇಲ್ಲ. "ಉರಿದಿದ್ರ ನೀ ನಡ್ಕೊಂತ ಬರ್ತಿದ್ದಿಲ್ಲ" ಎಂದು ಚಹಾದ ಲೋಟ ಕೈಗೆ ಕೊಟ್ಟರು. ನಾನು ತಲೆ ತಗ್ಗಿಸಿ ಕುಡಿದೆ.

ಆಮೇಲೆ ಮೂರು ದಿನ ಮೋಡ. ನಾಲ್ಕನೆಯ ಬೆಳಗ್ಗೆ ಬಾಗಿಲು ತೆರೆದರೆ ಮೂಗಿನ ತುದಿ ಚುಮುಗುಟ್ಟಿತು. ಹೊಲವೆಲ್ಲ ಬೂದಿ ಚೆಲ್ಲಿದ ಹಾಗೆ ಮಂಕಾಗಿತ್ತು. ಬದುವಿಗೆ ಹೋಗಿ ಹಿಮ್ಮಡಿ ಸವರಿದೆ. ಮೊದಲು ಬರೀ ತಂಪು. ನಿಂತೆ. ಆಮೇಲೆ ಒಡಕಿನೊಳಗೆ ನಿಂಬೆಹಣ್ಣು ಹಿಂಡಿದ ಹಾಗೆ ಚುರ್ ಎಂದಿತು. ನಾನು ಅಷ್ಟು ದೂರವನ್ನು ಬರಿಗಾಲಲ್ಲಿ, ಬಿದ್ದೇನೆಂಬ ಪರಿವೆಯಿಲ್ಲದೆ ಓಡಿದೆ. ಬಾಯಿ ಬಿಟ್ಟು ಹೇಳುವುದೇ ಬೇಕಾಗಲಿಲ್ಲ. ನಾನು ಓಡಿಬರುವುದನ್ನು ಕಂಡು ಅವ್ವ ಆಗಲೇ ಅರಿವೆಯನ್ನು ಗಳದಿಂದ ಇಳಿಸಿ ಹೆಗಲಿಗೆ ಹಾಕಿಕೊಂಡಿದ್ದರು.

ಒಂದು ತುದಿ ನಾನು ಹಿಡಿದೆ. ಇನ್ನೊಂದು ತುದಿ ಅವ್ವನದು, ಆದರೆ ಹೊಲಕ್ಕೆ ಇಳಿಯಬಾರದೆಂದು ನಾನೇ ಹೇಳಿದ್ದೆ. ಅವರು ಅವಸರದಲ್ಲಿ ಚಪ್ಪಲಿ ಮರೆತು ಬರೀ ಕಾಲುಚೀಲದಲ್ಲಿ ಬದುವಿನ ಮೇಲೆ ನಿಂತು ಅರಿವೆಯನ್ನು ಬಿಡಲೂ ಆಗದೆ, ಇಳಿಯಲೂ ಆಗದೆ ನನ್ನ ಮುಖ ನೋಡಿದರು. ಅಷ್ಟರಲ್ಲಿ ಬಸಣ್ಣ ಬಂದ. ಕೈಯಲ್ಲಿ, ಮುಂಚೆಯೇ ಅಳತೆ ನೋಡಿಡಲು ತಂದ ಗೂಟದ ಕಟ್ಟು, ಹಗ್ಗ. ತಾಯಿಯ ಕಾಲು ನೋಡಿದ, ಅರಿವೆ ನೋಡಿದ. ಗೂಟಗಳನ್ನು ಬದುವಿನ ಮೇಲೆ ಇಳಿಸಿ, "ತಾ ಇಲ್ಲಿ" ಎಂದು ತುದಿ ಇಸಿದುಕೊಂಡ.

"ನಿನ್ನ ಕಾಲಿಗೆ ಏನೂ ಗೊತ್ತಾಗಲ್ಲ ಅಂತ ನಂಗೆ ಹೋದ ವರ್ಷನೇ ಗೊತ್ತು" ಎಂದ, ನೆಲ ನೋಡುತ್ತ. "ಕೆಂಡ ತುಳಿದು ಹಂಗೇ ಹೋಗಿದ್ದಿ."

ಅವ್ವ ಅವನ ಕೈಯಲ್ಲಿದ್ದ ತುದಿಯನ್ನು ಸರಿಮಾಡಿದರು. "ಎಳಿಬ್ಯಾಡ, ಸವರು. ಗಿಡಕ್ಕ ಗೊತ್ತಾಗಬಾರ್ದು" ಎಂದಷ್ಟೇ ಅಂದರು. ನಾವಿಬ್ಬರೂ ಸಾಲು ಹಿಡಿದು ಹೋಗಿ ಬಂದೆವು. ಗುದ್ದಲಿ ಹಿಡಿದು ಬಿರಿದ ಅಂಗೈಗೆ ಹುಳಿ ತಾಗಿ ಬಸಣ್ಣ ಸ್ಸ್ ಎಂದ, ಆದರೆ ತುದಿ ಬಿಡಲಿಲ್ಲ. ಅವ್ವ ಅರಿವೆಯ ಮೂಲೆಯನ್ನು ಪಿಂಗಾಣಿ ಬಟ್ಟಲಿಗೆ ಹಿಂಡಿ, ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡರು. ಕಣ್ಣು ಮುಚ್ಚಿದರು, ಮುಖವೆಲ್ಲ ಮುದುಡಿತು.

"ನಮ್ಮವ್ವನ ಹುಳಿ ಅಲ್ಲ ಇದು" ಎಂದರು. ಮತ್ತೊಮ್ಮೆ ಬೆರಳದ್ದಿ ನೆಕ್ಕಿದರು. "ಇದು ನಿಂದು ತಂಗಿ. ಚಲೋ ಐತಿ."

ಆ ವರ್ಷ ಗೂಟಗಳು ಒಲೆಗೆ ಹೋದವು. ಮುಂದಿನ ಎರಡು ಚಳಿಗಾಲವೂ ನನ್ನ ಹಿಮ್ಮಡಿಯೇ ಇಬ್ಬನಿ ಹೇಳಿತು. ಆಮೇಲೆ ನನಗೆ ಸೊರಬ ತಾಲೂಕಿಗೆ ವರ್ಗವಾಯಿತು. ಹೊರಡುವ ದಿನ ಅವ್ವ ಅರಿವೆಯನ್ನು ನಡುವೆ ಹರಿದು ಅರ್ಧ ನನ್ನ ಬಟ್ಟೆಗಳ ನಡುವೆ ಇಟ್ಟರು. ಆಮೇಲೆ ನನ್ನ ಮದುವೆಯಲ್ಲಿ ತಾಯಿ ಬಂಗಾರ ಕೊಟ್ಟರು, ಆದರೂ ಅವತ್ತು ಅತ್ತಷ್ಟು ನಾನು ಮದುವೆಯಲ್ಲಿ ಅಳಲಿಲ್ಲ. "ಸೋಪು ಹಚ್ಚಬ್ಯಾಡ ಮತ್ತ" ಎಂದು ಅವರು ಬಸ್ಸು ಹೊರಟ ಮೇಲೂ ಕೂಗಿ ಹೇಳಿದರು. ಬಸ್ಸಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು.

ಹೋದ ಬೇಸಿಗೆಯಲ್ಲಿ ಮಣ್ಣಿಗೆ ಹೋದಾಗ ಆ ಹತ್ತು ಗುಂಟೆಯ ಪಕ್ಕದಲ್ಲೇ ಹಾದು ಹೋದೆವು. ಹೊಲದ ಅಂಚಿಗೆ ಹೊಸ ಪೈಪುಗಳನ್ನು ತಂದು ಹಾಕಿದ್ದರು. ಬಸಣ್ಣನನ್ನು ಏನೂ ಕೇಳಲಿಲ್ಲ. ಕೇಳಲು ನಾನು ಯಾರು? ಮಾತು ಕೊಟ್ಟದ್ದು ತಾಯಿಗೆ, ಈಗ ತಾಯಿಯೇ ಇಲ್ಲ. ಇಷ್ಟು ದಿನ ನಡೆಸಿಕೊಟ್ಟನಲ್ಲ, ಅದೇ ದೊಡ್ಡದು ಎಂದು ಮನಸ್ಸಿಗೆ ಹೇಳಿಕೊಂಡು ಉಳವಿಯ ಬಸ್ಸು ಹತ್ತಿದೆ. ಇಲ್ಲಿ ಕಡಲೆ ಬಿತ್ತುವವರಿಲ್ಲ. ನನ್ನ ಅರ್ಧ ಅರಿವೆ ಟ್ರಂಕಿನಲ್ಲಿದೆ. ನನ್ನ ಹಿಮ್ಮಡಿಯ ಒಡಕುಗಳೂ ಮುಚ್ಚಿಕೊಂಡವು.

ಮೊನ್ನೆ ಬೆಳಗ್ಗೆ ಹಲ್ಲುಜ್ಜುತ್ತಿದ್ದೆ, ಫೋನು ಬಂತು. ಬಸಣ್ಣ. ಅಷ್ಟು ಬೆಳಗ್ಗೆ ಅವನು ಎಂದೂ ಮಾಡಿದವನಲ್ಲ. ಏದುಸಿರು ಬಿಡುತ್ತಿದ್ದ. ಯಾರಿಗೆ ಏನಾಯಿತೋ ಎಂದು ಗಾಬರಿಯಾಯಿತು.

"ಯಾಕೆ ಬಸಣ್ಣ, ಏನಾತು?"

"ಏನಿಲ್ರೀ ಸಿಸ್ಟರ್. ಕಡ್ಲೆ ಹೊಲದಿಂದ ಓಡಿ ಬಂದೆ" ಎಂದ. "ಉರೀತ್ರೀ."